ಆಟ ಮುಗಿದ ಮೇಲೆ ಆಟಗಾರ್ತಿಯ ಕರ್ತವ್ಯ

ನಮ್ಮ ಶಾಲೆಯ ಅಂಗಳದಲ್ಲಿ ಬಾಸ್ಕೆಟ್ ಬಾಲನ್ನು ಚೆನ್ನಾಗಿ ಆಡಬಲ್ಲ ಹುಡುಗಿಯರಿಗೆ ಕೊರತೆಯಿಲ್ಲ. ಆದರೆ ಹತ್ತನೆಯ ತರಗತಿ ಬಂದೊಡನೆ ತಾಯಿತಂದೆಗಳು ಆಟವನ್ನು ಬಿಡಿಸಿ, "ಇದರಿಂದ ಮುಂದೆ ಅನ್ನ ಹುಟ್ಟುವುದುಂಟೇ?" ಎಂದು ನಮ್ಮನ್ನು ಕೇಳುವರು. ಈ ಪ್ರಶ್ನೆಯು ಅನ್ಯಾಯದ್ದಲ್ಲ. ನಡುಹರೆಯಕ್ಕೆ ಮುಂಚೆಯೇ ಮುಗಿದುಹೋಗುವ ಕಸುಬನ್ನು ನಂಬಿ ಮಗಳನ್ನು ಬಿಡುವುದು ಹೇಗೆ? ಆಟಗಾರ್ತಿಯು ತಕ್ಕ ಶಿಕ್ಷಣವನ್ನು ಪಡೆದು ಆಟದ ಉಪಾಧ್ಯಾಯಿನಿಯಾಗುವ ದಾರಿಯನ್ನು ತೆರೆದಿಡುವುದೇ ಇದಕ್ಕೆ ಉತ್ತರವೆಂದು ನಾವು ನಂಬಿದ್ದೇವೆ.

ಈ ಆಟವು ಹುಟ್ಟಿದ್ದೇ ಉಪಾಧ್ಯಾಯರೊಬ್ಬರ ಕೈಯಲ್ಲಿ. 1891ನೆಯ ಇಸವಿ ಡಿಸೆಂಬರಿನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡಿನ ವೈ.ಎಂ.ಸಿ.ಎ. ಶಿಕ್ಷಣಶಾಲೆಯಲ್ಲಿ ಜೇಮ್ಸ್ ನೇಸ್ಮಿತ್ ಎಂಬವರು ಹಣ್ಣಿನ ಬುಟ್ಟಿಗಳೆರಡನ್ನು ಎತ್ತರದಲ್ಲಿ ಕಟ್ಟಿಸಿ ಇದನ್ನು ಆರಂಭಿಸಿದರು. ಸ್ವಲ್ಪ ಕಾಲದಲ್ಲಿಯೇ ಸ್ಮಿತ್ ಕಾಲೇಜಿನ ಉಪಾಧ್ಯಾಯಿನಿ ಸೆಂಡಾ ಬೆರೆನ್ಸನ್ ಇದನ್ನು ಹೆಣ್ಣುಮಕ್ಕಳಿಗೆ ಕಲಿಸಿದರು. ಮದರಾಸಿನಲ್ಲಿ 1920ರಲ್ಲಿ ಸ್ಥಾಪಿತವಾದ ವೈ.ಎಂ.ಸಿ.ಎ. ವ್ಯಾಯಾಮ ಶಿಕ್ಷಣ ಕಾಲೇಜು ದಕ್ಷಿಣದೇಶದ ಶಾಲೆಗಳಿಗೆ ಆಟದ ಉಪಾಧ್ಯಾಯರನ್ನು ಸಿದ್ಧಪಡಿಸಿತು.

ಆಟದಿಂದ ಬೋಧನೆಗೆ ಬಂದವರಲ್ಲಿ ಅಮೆರಿಕದ ಡಾನ್ ಸ್ಟೇಲಿಯವರ ಹೆಸರು ಪ್ರಖ್ಯಾತವಾದುದು. 1996, 2000 ಮತ್ತು 2004ರ ಒಲಿಂಪಿಕ್ ಕೂಟಗಳಲ್ಲಿ ಅವರು ಚಿನ್ನದ ಪದಕಗಳನ್ನು ಪಡೆದರು. ಇನ್ನೂ ಸಂಬಳಕ್ಕೆ ಆಡುತ್ತಿದ್ದಾಗಲೇ, 2000ದಲ್ಲಿ, ಟೆಂಪಲ್ ವಿಶ್ವವಿದ್ಯಾನಿಲಯದ ತಂಡಕ್ಕೆ ಕಲಿಸತೊಡಗಿ, 2006ರಲ್ಲಿ ಆಟವನ್ನು ನಿಲ್ಲಿಸಿದರು. 2008ರಲ್ಲಿ ಸೌತ್ ಕ್ಯಾರೊಲಿನಾ ವಿಶ್ವವಿದ್ಯಾನಿಲಯಕ್ಕೆ ಹೋಗಿ, ಆ ತಂಡಕ್ಕೆ 2017, 2022 ಮತ್ತು 2024ರಲ್ಲಿ ರಾಷ್ಟ್ರೀಯ ವಿಜಯವನ್ನು ತಂದುಕೊಟ್ಟರು. ಆಟದ ಆಯುಷ್ಯಕ್ಕಿಂತ ಬೋಧನೆಯ ಆಯುಷ್ಯವು ದೀರ್ಘವೆಂಬುದಕ್ಕೆ ಬೇರೆ ಸಾಕ್ಷಿ ಬೇಕೇ?

ನಮ್ಮ ದೇಶದ ಸಂಗತಿಯನ್ನು ನೋಡೋಣ. 2017ರ ಜುಲೈಯಲ್ಲಿ ಬೆಂಗಳೂರಿನ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ನಡೆದ ಏಷ್ಯಾ ಕಪ್ಪಿನ 'ಬಿ' ವಿಭಾಗದ ಅಂತಿಮ ಪಂದ್ಯದಲ್ಲಿ ಭಾರತದ ಮಹಿಳೆಯರು ಕಜಾಕಸ್ತಾನವನ್ನು 75–73ರಿಂದ ಸೋಲಿಸಿದರು. ಆ ತಂಡದ ಅನಿತಾ ಪಾಲ್‌ದೊರೈಯವರಿಗೆ 2021ರಲ್ಲಿ ಪದ್ಮಶ್ರೀ ಪ್ರಶಸ್ತಿಯು ಬಂದಿತು. ತಂಡಕ್ಕೆ ಕಲಿಸಿದವರಾದರೋ ಸರ್ಬಿಯಾ ದೇಶದ ಜೋರಾನ್ ವಿಸಿಚ್. ಪರದೇಶದವರಿಂದ ಕಲಿಯುವುದು ಅವಮಾನವಲ್ಲ. ಆದರೆ ನಮ್ಮ ಆಟಗಾರ್ತಿಯರಲ್ಲಿ ಎಷ್ಟು ಮಂದಿ ಗುರುಗಳಾದರೆಂದು ನಾವೇ ಕೇಳಿಕೊಳ್ಳಬೇಕು. ವಾರಾಣಸಿಯ ದಿವ್ಯಾ ಸಿಂಗ್ ಅವರು ಭಾರತಕ್ಕಾಗಿ ಆಡಿ, ಅಮೆರಿಕದ ಡೆಲಾವೇರ್ ವಿಶ್ವವಿದ್ಯಾನಿಲಯದಲ್ಲಿ ವ್ಯಾಸಂಗಮಾಡಿ, ಅನಂತರ ಭಾರತದ ಪುರುಷರ ತಂಡಕ್ಕೇ ಸಹಾಯಕ ಶಿಕ್ಷಕಿಯಾದರು. ಇಂಥವರು ವಿರಳ. ನಮ್ಮಲ್ಲಿ ಆಟಗಾರ್ತಿಯರಿಗೆ ರೈಲ್ವೆಯಂತಹ ಇಲಾಖೆಗಳ ಕೆಲಸವೇ ಬಹುಮಟ್ಟಿಗೆ ಆಧಾರ. ಅದು ಸಿಕ್ಕಿದ ಮೇಲೆ ಕಲಿತ ವಿದ್ಯೆಯು ಕಚೇರಿಯ ಕಡತಗಳಲ್ಲಿ ಮರೆತುಹೋಗುತ್ತದೆ.

ಹಾಗೆಂದು ಚೆನ್ನಾಗಿ ಆಡಿದವರೆಲ್ಲರೂ ಚೆನ್ನಾಗಿ ಕಲಿಸುವರೆಂದು ನಾವು ಹೇಳುವುದಿಲ್ಲ. ಈಜುವುದು ಬೇರೆ, ಈಜು ಕಲಿಸುವುದು ಬೇರೆ. ಬುಟ್ಟಿಯು ನೆಲದಿಂದ ಹತ್ತು ಅಡಿ ಎತ್ತರದಲ್ಲಿರುತ್ತದೆ. ಚಿಕ್ಕ ಮಕ್ಕಳಿಗೆ ಅದನ್ನು ತಗ್ಗಿಸಿ, ಸಣ್ಣ ಚೆಂಡನ್ನು ಕೊಡಬೇಕು. ಎಸೆತವು ತಪ್ಪಿದಾಗ ದೋಷವು ಮೊಣಕೈಯಲ್ಲಿದೆಯೋ ಕಾಲಿನ ನಿಲುವಿನಲ್ಲಿದೆಯೋ ಎಂದು ಕಂಡುಹಿಡಿಯಬೇಕು. ಹಾರಿ ಇಳಿಯುವಾಗ ಮೊಣಕಾಲಿನ ಕಟ್ಟು ಹರಿಯುವ ಅಪಾಯವು ಹುಡುಗರಿಗಿಂತ ಹುಡುಗಿಯರಿಗೆ ಹೆಚ್ಚು. ಇದನ್ನರಿಯದೆ ಓಡಿಸುವವರು ಮಕ್ಕಳಿಗೆ ಕೇಡನ್ನೇ ಮಾಡುವರು. ಗಣಿತದ ಉಪಾಧ್ಯಾಯಿನಿಗೆ ಬಿ.ಎಡ್. ಬೇಕೆನ್ನುವ ನಾವು ಆಟದ ಉಪಾಧ್ಯಾಯಿನಿಗೆ ತರಬೇತಿ ಬೇಡವೆನ್ನಬಹುದೇ? ಇದಕ್ಕಾಗಿಯೇ 1961ರಲ್ಲಿ ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯು ಸ್ಥಾಪಿತವಾಯಿತು.

ಇನ್ನೊಂದು ಮಾತು. ಮೈನೋವು, ಮಾಸಿಕ ತೊಂದರೆ, ಮನಸ್ಸಿನ ಅಂಜಿಕೆ ಇವನ್ನು ಹುಡುಗಿಯು ಹೆಂಗಸಿನೊಡನೆ ಹೇಳಿಕೊಳ್ಳುವಷ್ಟು ಸುಲಭವಾಗಿ ಗಂಡಸಿನೊಡನೆ ಹೇಳಿಕೊಳ್ಳಲಾರಳು. ಶಿಕ್ಷಕಿಯಿದ್ದ ಕಡೆ ಸಂಜೆಯ ಅಭ್ಯಾಸಕ್ಕೆ ಮಗಳನ್ನು ಕಳುಹಿಸಲು ತಾಯಿಯೂ ಹಿಂಜರಿಯಳು.

ಯಲಹಂಕದಾಚೆ ವಿದ್ಯಾನಗರದಲ್ಲಿ ಸರ್ಕಾರದ ಕ್ರೀಡಾನಿಲಯವಿದೆ. ಹೆಬ್ಬಾಳ, ಯಶವಂತಪುರಗಳ ಸುತ್ತ ಶಾಲೆಗಳು ಬೇಕಾದಷ್ಟಿವೆ. ಆಡಿ ಅನುಭವಪಡೆದ ಹೆಣ್ಣುಮಕ್ಕಳನ್ನು ಈ ಶಾಲೆಗಳು ತರಬೇತಿಯ ಬಳಿಕ ಇತರ ಉಪಾಧ್ಯಾಯಿನಿಯರಿಗೆ ಸಮನಾದ ಸಂಬಳ, ಸಮನಾದ ಗೌರವಗಳೊಡನೆ ನೇಮಿಸಿಕೊಳ್ಳಲಿ. ವರ್ಷವರ್ಷವೂ ಬದಲಾಗುವ ಅರೆಸಂಬಳದ ಕೆಲಸದಿಂದ ಯಾರ ಮನೆಯೂ ನಡೆಯದು.

ಪ್ರಿಯ ವಿದ್ಯಾರ್ಥಿನಿಯರೇ, ಈ ವರ್ಷವೇ ಮೇಲಿನ ತರಗತಿಯವರು ಕೆಳಗಿನ ತರಗತಿಯವರಿಗೆ ಕಲಿಸಲು ತೊಡಗಿರಿ. ಪಂದ್ಯದ ತೀರ್ಪು ಕೊಡುವುದನ್ನೂ ಅಂಕ ಬರೆಯುವುದನ್ನೂ ಕಲಿಯಿರಿ. ತಾಯಿತಂದೆಗಳೇ, ಪಾಠವನ್ನು ಬಿಡಿಸದೆ ಆಟವನ್ನೂ ಉಳಿಸಿರಿ. ಗುರುವಾಗಬೇಕಾದವಳಿಗೆ ಎರಡೂ ಬೇಕು.