ಸೂತ್ರ ಬಂತು, ಲೆಕ್ಕ ಬರಲಿ

ಎರಡು ವಿದ್ಯುದಾವೇಶಗಳ ನಡುವಿನ ಬಲವನ್ನು ಕೂಲಂಬ್ ಅಳೆದು ತೋರಿಸಿದ್ದು 1785ರಲ್ಲಿ. ಆತನ ನಿಯಮ ಇಂದು ನವಿ ಮುಂಬಯಿಯ ನೆರೂಳದ ಹನ್ನೆರಡನೆಯ ತರಗತಿಯ ಮಕ್ಕಳಿಗೂ ಬಾಯಿಪಾಠ. ಆದರೆ ಆ ನಿಯಮ ಬಿಂದುಗಳಿಗೆ ಹೇಳಿದ್ದು. ಮೂಲೆ, ಅಂಚು, ಉಬ್ಬುತಗ್ಗುಗಳಿರುವ ಎರಡು ಲೋಹದ ಮೈಗಳು ಎದುರುಬದುರಾದರೆ ಬಲವೆಷ್ಟು? ಈ ಪ್ರಶ್ನೆಯ ಹಾದಿಯನ್ನು ಒಮ್ಮೆ ಹಿಂತಿರುಗಿ ನೋಡಬೇಕು.

ಲೋಹದ ಮೇಲೆ ಆವೇಶ ಎಲ್ಲಿ ಎಷ್ಟು ನಿಲ್ಲುತ್ತದೆಂಬುದು ಮೊದಲೇ ಗೊತ್ತಿರುವುದಿಲ್ಲ. ಅಂಚುಗಳಲ್ಲಿ ಅದು ದಟ್ಟವಾಗುತ್ತದೆ. ಒಂದು ಮೈಯ ಆವೇಶ ಇನ್ನೊಂದರದ್ದನ್ನು ಸರಿಸುತ್ತದೆ. ಒಂದೇ ಬಗೆಯ ಆವೇಶವಿರುವ ಎರಡು ಲೋಹದ ಗೋಳಗಳು ತೀರ ಹತ್ತಿರವಾದಾಗ ಒಂದನ್ನೊಂದು ಸೆಳೆಯುವುದೂ ಉಂಟು. ನಡುವಿನಿಂದ ನಡುವಿಗೆ ದೂರ ಅಳೆದು ಸೂತ್ರಕ್ಕೆ ಹಾಕಿದರೆ ಇದು ಕಾಣುವುದೇ ಇಲ್ಲ.

ದಾರಿ ತೋರಿದವನು ಮ್ಯಾಕ್ಸ್‌ವೆಲ್. ಕ್ಯಾವೆಂಡಿಶ್‌ನ ಬರಹಗಳನ್ನು 1879ರಲ್ಲಿ ಸಂಪಾದಿಸಿ ಹೊರತಂದಾಗ, ಚೌಕ ತಗಡೊಂದನ್ನು 36 ಚೌಕಗಳಾಗಿ ಭಾಗಿಸಿ, ಎಲ್ಲದರ ವಿಭವವೂ ಒಂದೇ ಆಗುವಂತೆ ಆವೇಶ ಹಂಚಿ ಲೆಕ್ಕ ಮಾಡಿದ. ತಗಡಿನ ಧಾರಕತೆ, ಅಂದರೆ ಒಂದು ಮಾನ ವಿಭವಕ್ಕೆ ಅದು ಹಿಡಿಯುವ ಆವೇಶ, ಆಗಿನ ಮಾನದಲ್ಲಿ ಬದಿಯ ಉದ್ದದ 0.3607ರಷ್ಟು ಬಂತು. ಇಂದಿನ ಕಂಪ್ಯೂಟರ್ ಕೊಡುವುದು 0.3668. ವ್ಯತ್ಯಾಸ ಶೇ 2ಕ್ಕಿಂತ ಕಡಿಮೆ!

ಮುಂದಿನದೆಲ್ಲ ಈ ಉಪಾಯದ ವಿಸ್ತಾರವೇ. 1968ರಲ್ಲಿ ಹ್ಯಾರಿಂಗ್‌ಟನ್ ಇದನ್ನು ಎಂಜಿನಿಯರುಗಳ ಪಠ್ಯವಾಗಿಸಿದರು. 10,000 ತುಂಡು ಮಾಡಿದರೆ 10 ಕೋಟಿ ಜೋಡಿಗಳನ್ನು ಲೆಕ್ಕಿಸಬೇಕು. ದೂರದ ತುಂಡುಗಳನ್ನು ಗುಂಪಾಗಿ ಎಣಿಸಿ ಆ ಹೊರೆ ಇಳಿಸುವ ವಿಧಾನವನ್ನು 1987ರಲ್ಲಿ ಗ್ರೀನ್‌ಗಾರ್ಡ್ ಮತ್ತು ರೊಖ್ಲಿನ್ ಕೊಟ್ಟರು. ಕೋಲ್ಕತ್ತದ ಸಾಹಾ ಸಂಸ್ಥೆಯ ಸುಪ್ರತಿಕ್ ಮುಖೋಪಾಧ್ಯಾಯ ಮತ್ತು ನಯನಾ ಮಜುಂದಾರ್ ತುಂಡಿನ ಆವೇಶವನ್ನು ಅದರ ನಡುವಿನ ಬಿಂದುವಿಗೆ ಒಟ್ಟುಗೂಡಿಸದೆ, ಇಡೀ ತುಂಡಿನ ಮೇಲೆ ಹರಡಿಯೇ ಲೆಕ್ಕಿಸುವ ಸೂತ್ರಗಳನ್ನು ರೂಪಿಸಿದರು. ಕಣಶೋಧಕಗಳ ವಿನ್ಯಾಸಕ್ಕೆ ಅವು ಬಳಕೆಯಾಗುತ್ತಿವೆ.

ಆವೇಶ ಸಿಕ್ಕಿದರೆ ಬಲ ಸುಲಭ. ಪ್ರತಿ ತುಂಡಿನ ಆವೇಶವನ್ನು ಅದರ ಹೊರಮೈಯ ವಿದ್ಯುತ್ ಕ್ಷೇತ್ರದ ಅರ್ಧದಿಂದ ಗುಣಿಸಿ, ದಿಕ್ಕು ನೋಡಿ ಕೂಡಿಸಬೇಕು. ಅರ್ಧವೇಕೆಂದರೆ, ಉಳಿದರ್ಧ ಕ್ಷೇತ್ರ ಆ ತುಂಡಿನದ್ದೇ; ತುಂಡು ತನ್ನನ್ನು ತಾನೇ ಎಳೆದುಕೊಳ್ಳಲಾರದು. ಗಾಳಿ ಸೆಂಟಿಮೀಟರಿಗೆ ಸುಮಾರು 30,000 ವೋಲ್ಟ್ ಮಾತ್ರ ತಾಳುವುದರಿಂದ ಈ ಎಳೆತ ಚದರ ಮೀಟರಿಗೆ 40 ನ್ಯೂಟನ್ ದಾಟುವುದು ಕಷ್ಟ. ಆದರೂ ಕೂದಲೆಳೆಗಿಂತ ತೆಳುವಾದ ಸೂಕ್ಷ್ಮಯಂತ್ರಗಳನ್ನು ಬಾಗಿಸಲು ಅಷ್ಟು ಧಾರಾಳ. ದೊಡ್ಡ ಯಂತ್ರಗಳಿಗೂ ಇದೇ ಲೆಕ್ಕ ಬೇಕು. ನೆರೂಳದಿಂದ ಪನವೇಲ್ ರೈಲು ಹಿಡಿದರೆ ಸಿಗುವ ಖಾರ್ಘರ್‌ನಲ್ಲಿ ಭಾಭಾ ಅಣುಸಂಶೋಧನಾ ಕೇಂದ್ರದ ಇಲೆಕ್ಟ್ರಾನ್ ಕಿರಣ ಕೇಂದ್ರವಿದೆ. ಅಲ್ಲಿಯಂತೆ 30 ಲಕ್ಷ ವೋಲ್ಟ್‌ಗೆ ರೂಪಿಸುವ ವೇಗವರ್ಧಕದಲ್ಲಿ ಲೋಹದ ಪ್ರತಿ ಅಂಚಿನ ಆಕಾರ ನಿಲ್ಲುವುದು ಈ ಲೆಕ್ಕದ ಮೇಲೆಯೇ.

ಸಾಧನೆ ದೊಡ್ಡದು, ತರಗತಿಗೆ ಬಂದ ಪಾಲು ಮಾತ್ರ ಚಿಕ್ಕದು. ಪರೀಕ್ಷೆಗಳು ಇಂದಿಗೂ ಗೋಳ ಮತ್ತು ಅನಂತ ತಗಡನ್ನೇ ಕೇಳುತ್ತವೆ. ಅಧ್ಯಾಪಕರಲ್ಲಿ ನಮ್ಮ ವಿನಂತಿ ಇಷ್ಟು: ಮ್ಯಾಕ್ಸ್‌ವೆಲ್‌ನ ಚೌಕವನ್ನು ವಿದ್ಯಾರ್ಥಿಗಳ ಕೈಗೆ ಕೊಡಿ. 36 ತುಂಡು, ಆಮೇಲೆ 144, ಆಮೇಲೆ 576 ಮಾಡಿಸಿ. ಉತ್ತರ ಒಂದು ಕಡೆ ನೆಲೆಗೊಳ್ಳುವವರೆಗೆ ಅದನ್ನು ನಂಬಬೇಡಿರೆಂದು ಹೇಳಿಕೊಡಿ.