ಕರೆಂಟ್ ಹೋದರೆ ಸೋಲಾರೂ ಬಂದ್

ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್‌ಗೆ 78,000 ರೂಪಾಯಿ ಸಬ್ಸಿಡಿ ಅಂತ ನಮ್ಮ ಕಡೆ ಏಜೆಂಟರು ಮನೆಮನೆ ತಿರುಗುತ್ತಿದ್ದಾರೆ. ಸಬ್ಸಿಡಿ ನಿಜ. ಆದರೆ ಬ್ಯಾಟರಿ ಇಲ್ಲದ ಆನ್‌ಗ್ರಿಡ್ ಸೋಲಾರ್, ಲೈನಿನಲ್ಲಿ ಕರೆಂಟ್ ಹೋದ ತಕ್ಷಣ ತಾನೂ ನಿಲ್ಲುತ್ತದೆ, ಸುಡುಬಿಸಿಲಿದ್ದರೂ. ಕಂಬ ಹತ್ತಿದ ಲೈನ್‌ಮನ್‌ಗೆ ನಮ್ಮ ಮನೆಯ ಕರೆಂಟ್ ಹೊಡೆಯಬಾರದು ಅಂತ ಹಾಗೆ ಮಾಡಿರುತ್ತಾರೆ, ಸರಿಯೇ. ಪೇಟೆಯಲ್ಲಿ ಇದು ನಡೆಯುತ್ತದೆ. ಹಗಲು ಹೊತ್ತೇ ಕರೆಂಟ್ ಕೈಕೊಡುವ ಹಳ್ಳಿಯಲ್ಲಿ ಆಗ ಮನೆಗೂ ಇಲ್ಲ, ಮಾರೋಕೂ ಯೂನಿಟ್ ಇಲ್ಲ.

ಗೃಹಜ್ಯೋತಿಯಲ್ಲಿ ಸೊನ್ನೆ ಬಿಲ್ ಬರುವವರು ಸೋಲಾರ್ ಕೇಳುವುದೇ ಕರೆಂಟ್ ಹೋದಾಗ ಫ್ಯಾನ್ ತಿರುಗಲಿ ಅಂತ. ಅವರಿಗೆ ಬೇಕಾದ್ದು ಬ್ಯಾಟರಿ ಇರುವ ಹೈಬ್ರಿಡ್, ಖರ್ಚು ಜಾಸ್ತಿ. ಸಹಿ ಹಾಕಿಸುವ ಮೊದಲೇ ಏಜೆಂಟ್ ಇದನ್ನು ಹೇಳಬೇಕು. ಹೇಳದಿದ್ದರೆ ನೀವೇ ಕೇಳಿ, ಉತ್ತರವನ್ನು ಕೊಟೇಶನ್ ಮೇಲೆ ಬರೆಸಿಕೊಳ್ಳಿ.