ಹಳೆಯ ಕಾರಿಗೆ ಹೊಸ ಬಣ್ಣ

“ಸಾರ್, ನಮ್ಮಪ್ಪ ಕಾರಿಗೆ ಬಣ್ಣ ಹೊಡೆಸಬೇಕು ಅಂತಿದ್ದಾರೆ. ಕಮ್ಮಿ ಖರ್ಚಲ್ಲಿ ಆಗುತ್ತಾ?” ಎಂದು ಹತ್ತನೇ ತರಗತಿಯ ಹುಡುಗನೊಬ್ಬ ಕೇಳಿದ. ಅವರ ಮನೆಯಲ್ಲಿರುವುದು ಮಾರುತಿ 800. ಅದರ ತಯಾರಿಕೆ 2014ರಲ್ಲೇ ನಿಂತಿತು. ನನ್ನ ಬಳಿಯೂ ಅದೇ ಇದೆ.

ಬಣ್ಣ ಬೇಕೇ ಎಂಬುದನ್ನು ಮೊದಲು ನೋಡಬೇಕು. ಬಿಳಿ ಬಟ್ಟೆಗೆ ಸ್ವಲ್ಪ ರಬ್ಬಿಂಗ್ ಕಾಂಪೌಂಡ್ ಹಚ್ಚಿ ಬಾನೆಟ್ಟಿನ ಒಂದು ಕಡೆ ಉಜ್ಜಿ. (ಕಾರೇ ಬಿಳಿಯಾದರೆ ಕಪ್ಪು ಬಟ್ಟೆ ಬೇಕು.) ಬಟ್ಟೆಗೆ ಕಾರಿನ ಬಣ್ಣ ಹತ್ತಿದರೆ ಮೇಲೆ ಪಾರದರ್ಶಕವಾದ ಕ್ಲಿಯರ್ ಕೋಟ್ ಇಲ್ಲವೆಂದು ತಿಳಿಯಿರಿ. ಬಿಸಿಲಿನ ಅತಿನೇರಳೆ ಕಿರಣಗಳು ಬಣ್ಣದ ಮೇಲ್ಪದರದ ರಾಳವನ್ನು ಒಡೆದಿವೆ; ಸೀಮೆಸುಣ್ಣದ ಪುಡಿಯಂಥದ್ದು ಉಳಿದಿದೆ, ಅಷ್ಟೆ. ಅದನ್ನು ಉಜ್ಜಿ ತೆಗೆದು ವ್ಯಾಕ್ಸ್ ಹಚ್ಚಿದರೆ ಅಡಿಯ ಬಣ್ಣವೇ ಹೊಳೆಯುತ್ತದೆ. ಒಂದು ಭಾನುವಾರದ ಕೆಲಸ. ಅಂಚುಗಳಲ್ಲಿ ಮಾತ್ರ ಮೆಲ್ಲಗೆ, ಅಲ್ಲಿ ಪದರ ತೆಳು. ಹಾವಿನ ಪೊರೆಯಂತೆ ಮೇಲ್ಪದರ ಎದ್ದು ಬರುತ್ತಿದ್ದರೆ ಕಾಂಪೌಂಡಿನಿಂದ ಪ್ರಯೋಜನವಿಲ್ಲ.

ಕಡಿಮೆ ದರಕ್ಕೆ ಮರುಳಾಗಿ ನಾನೊಮ್ಮೆ ಕೆಟ್ಟೆ. ಮೂರೇ ದಿನದಲ್ಲಿ ಕಾರು ಮದುವಣಗಿತ್ತಿಯಂತೆ ಬಂತು. ಒಂದು ಮಳೆಗಾಲ ಕಳೆಯುವುದರೊಳಗೆ ಬಾಗಿಲಿನ ಕೆಳಗೆ ಗುಳ್ಳೆಗಳೆದ್ದವು. ತುಕ್ಕನ್ನು ಕೆರೆಯದೆ ಅದರ ಮೇಲೇ ಪುಟ್ಟಿ ಮೆತ್ತಿದ್ದರು. ಪುಟ್ಟಿ ತೇವ ಹೀರುತ್ತದೆ. ನೀರು, ಆಮ್ಲಜನಕ ಎರಡೂ ಸಿಕ್ಕಿದರೆ ಕಬ್ಬಿಣ ಸುಮ್ಮನಿರುತ್ತದೆಯೇ? ಪಕ್ಕದ ಚನ್ನಪಟ್ಟಣದ ಬೊಂಬೆ ಕೆಲಸದವರನ್ನು ನೋಡಿ. ಮರವನ್ನು ನುಣ್ಣಗೆ ಮಾಡಿಕೊಂಡ ಮೇಲೆಯೇ ಅವರು ಅರಗಿನ ಬಣ್ಣ ಹಿಡಿಯುವುದು. ಕಾರಿನಲ್ಲೂ ದುಡ್ಡು ಹೋಗಬೇಕಾದದ್ದು ಕೆರೆಯುವ, ಉಜ್ಜುವ ಕೂಲಿಗೆ.

ಉಳಿಸುವ ದಾರಿ ಬೇರೆ ಇದೆ. ಬಂಪರ್, ದೀಪ, ಬಾಗಿಲಿನ ರಬ್ಬರು ಇವನ್ನು ಮನೆಯಲ್ಲೇ ಬಿಚ್ಚಿಕೊಡಿ. ಕೆಟ್ಟ ಭಾಗಗಳಿಗೆ ಮಾತ್ರ ಬಣ್ಣ ಹೊಡೆಸಿ. ಮುಖ್ಯವಾಗಿ, ಇದ್ದ ಬಣ್ಣವನ್ನೇ ಇಟ್ಟುಕೊಳ್ಳಿ. ಬಣ್ಣ ಬದಲಿಸಿದರೆ ಬಾಗಿಲಿನ ಒಳಮೈಗೂ ಹೊಡೆಸಬೇಕು, ಆರ್‌ಟಿಒ ಕಚೇರಿಗೆ ಹೋಗಿ ಆರ್‌ಸಿಯಲ್ಲಿ ನಮೂದಿಸಬೇಕು.

ಅಂಗಡಿಯವರು “ಎನ್‌ಸಿ ಹೊಡೀಲಾ, ಟೂಕೆ ಹೊಡೀಲಾ?” ಎಂದು ಕೇಳುತ್ತಾರೆ. ಎನ್‌ಸಿ ಅಂದರೆ ನೈಟ್ರೋಸೆಲ್ಯುಲೋಸ್. ಥಿನ್ನರ್ ಆವಿಯಾದರೆ ಅದು ಒಣಗಿತು, ಅಗ್ಗ, ಆದರೆ ಬೇಗ ಮಂಕಾಗುತ್ತದೆ. ಟೂಕೆಯಲ್ಲಿ ಹಾರ್ಡನರ್ ಬೆರೆಸುತ್ತಾರೆ. ರಾಸಾಯನಿಕ ಕ್ರಿಯೆ ನಡೆದು ಅಣುಗಳು ಬಲೆಯಂತೆ ಹೆಣೆದುಕೊಳ್ಳುತ್ತವೆ. ಆದ್ದರಿಂದ ಬಾಳಿಕೆ ಹೆಚ್ಚು. ಆದರೆ ಆ ಹಾರ್ಡನರಿನಲ್ಲಿ ಐಸೋಸಯನೇಟ್ ಇರುತ್ತದೆ. ಸಿಂಪಡಿಸುವಾಗ ಉಸಿರಿನಲ್ಲಿ ಹೋದರೆ ಆಸ್ತಮಾ ತರಬಲ್ಲದು. ಒಮ್ಮೆ ಅಂಟಿಕೊಂಡರೆ ಮುಂದೆ ಸ್ವಲ್ಪ ತಗುಲಿದರೂ ಉಬ್ಬಸ ಬರುತ್ತದೆ. ಬಟ್ಟೆ ಅದನ್ನು ತಡೆಯದು. ಹೊರಗಿನ ಶುದ್ಧ ಗಾಳಿಯನ್ನು ಕೊಳವೆಯಲ್ಲಿ ಕೊಡುವ ಮುಖವಾಡ ಬೇಕು. ಮನೆಯಂಗಳದಲ್ಲಿ ನಾವೇ ಹೊಡೆಯುತ್ತೇವೆ ಎನ್ನುವ ಹುಡುಗರು ಇದನ್ನು ಎರಡು ಸಲ ಓದಲಿ.

ಎರಡನೇ ಸಲ ನಾನು ಕಾರು ಕೊಟ್ಟದ್ದು ಮದ್ದೂರಿನ ಕಡೆ ಅಂಗಡಿ ಇಟ್ಟಿರುವ ನನ್ನ ಹಳೆಯ ವಿದ್ಯಾರ್ಥಿಗೆ. ಹೋದಾಗ ಮೂಗಿಗೆ ಕರ್ಚೀಫು ಕಟ್ಟಿಕೊಂಡು ಯಾರದೋ ಕಾರಿಗೆ ಟೂಕೆ ಹೊಡೆಯುತ್ತಿದ್ದ. ನಡುನಡುವೆ ಕೆಮ್ಮು. ಮುಖವಾಡ ಎಲ್ಲಪ್ಪಾ ಎಂದೆ. “ಅದರ ದುಡ್ಡು ಸೇರಿಸಿ ರೇಟು ಹೇಳಿದ್ರೆ ಗಿರಾಕಿ ಮುಂದಿನ ಅಂಗಡಿಗೆ ಹೋಗ್ತಾನೆ ಸಾರ್” ಎಂದ.

ಇನ್ನು ನಾಲ್ಕೈದು ವರ್ಷ ಓಡುವ ಕಾರು ನನ್ನದು, ಎನ್‌ಸಿ ಸಾಕು ಎಂದೆ. ಥಿನ್ನರಿನ ಆವಿಯೂ ಒಳ್ಳೆಯದಲ್ಲ. ಶೆಡ್ಡಿನ ಎರಡೂ ಬಾಗಿಲು ತೆಗೆಸಿ ಬಂದೆ. ಮುಖವಾಡದ ಬೆಲೆ ವಿಚಾರಿಸಿ ಹೇಳು, ಅರ್ಧ ನನ್ನದು ಎಂದಿದ್ದೇನೆ. ಇನ್ನೂ ಹೇಳಿಲ್ಲ. ಬರುವ ಶನಿವಾರ ಮತ್ತೆ ಹೋಗಬೇಕು.